ಕ್ಯಾಜುವಲ್ಟಿ ಬಾಗಿಲಲ್ಲಿ ಸಣ್ಣಾಟ

ನನ್ನ ಮುಂದಿನ ಹಲ್ಲು ಮುರಿದದ್ದು ಸೋದರಮಾವನ ಕೈಯಿಂದ. ಸಂಪಗಾಂವದಲ್ಲಿ ಅವನದೊಂದು ಸಣ್ಣಾಟದ ಮೇಳವಿತ್ತು. ಸಣ್ಣಾಟದಲ್ಲಿ ಹಾಡು ಮೊದಲೇ ಗೊತ್ತಿರುತ್ತದೆ, ಕಥೆಯೂ ಗೊತ್ತಿರುತ್ತದೆ. ನಡುವಿನ ಮಾತನ್ನು ಮಾತ್ರ ಅಲ್ಲೇ, ಎದುರಿನವನ ಮುಖ ನೋಡುತ್ತ ಹುಟ್ಟಿಸಬೇಕು. ಒಂದು ಊರಿನ ಆಟದಲ್ಲಿ ನಾನು ಬಡವನ ವೇಷ ಹಾಕಿದ್ದೆ. ಎದುರಿನ ಪಾತ್ರದವನು ಇದ್ದಕ್ಕಿದ್ದಂತೆ, "ಮನ್ಯಾಗ ನಿನ್ನ ಮಕ್ಕಳು ಉಪಾಸ ಬಿದ್ದಾವು, ನೀ ಇಲ್ಲಿ ಮೀಸಿ ತಿರುವಾಕ ಹತ್ತೀಯಲ್ಲಲೇ!" ಅಂದ. ಕಥೆಯಲ್ಲಿ ನನಗೆ ಮಕ್ಕಳಿರಲಿಲ್ಲ. ನಾನು ಭಾರೀ ಶಾಣ್ಯಾನಂತೆ, "ನನಗ ಮಕ್ಕಳ ಇಲ್ಲಲ್ಲ" ಅಂದುಬಿಟ್ಟೆ. ಅವನ ಬಾಯಿ ಕಟ್ಟಿತು. ಕುಂತ ಮಂದಿ ಸಿಳ್ಳೆ ಹೊಡೆದರು.

ಆಟ ಮುಗಿದ ಬೆಳಿಗ್ಗೆ ಬಣ್ಣ ಒರೆಸಿಕೊಳ್ಳುತ್ತಿದ್ದೆ. ಮಾವ ಬಂದವನೇ ಕೈಯಲ್ಲಿದ್ದ ಕಂಚಿನ ತಾಳದಿಂದ ಬಾಯಿಗೆ ಬಾರಿಸಿದ. ಹಲ್ಲು ತುಂಡಾಗಿ ನಾಲಿಗೆಯ ಮೇಲೆ ಬಿತ್ತು. "ಆಟದಾಗ ಇನ್ನೊಬ್ಬ ಕೊಟ್ಟ ಮಾತಂದ್ರ ತಾಟಿಗೆ ಬಿದ್ದ ರೊಟ್ಟಿ. ಒಲ್ಲೆ ಅನ್ನಾಕ ನೀ ಯಾವ ದೊಡ್ಡ ದೇಸಾಯಿಲೇ? ತಗೋ! ಮ್ಯಾಲ ನಿನ್ನ ಪಲ್ಯಾ ನೀ ಹಾಕ್ಕೋ!" ಅಂದ. ನಾನು ರಕ್ತ ಉಗುಳುತ್ತ ತಲೆಯಾಡಿಸಿದೆ. ಅವತ್ತಿನಿಂದ ಎದುರಿನವರ ಮಾತಿಗೆ 'ಇಲ್ಲ' ಅನ್ನುವುದು ನನ್ನ ಬಾಯಿಗೆ ಬರುವುದೇ ಕಡಿಮೆಯಾಯಿತು.

ಆಮೇಲೆ ನಾನು ನರ್ಸಿಂಗ್ ಓದಿದೆ. ನಮ್ಮ ಕಡೆ ಗಂಡು ನರ್ಸನ್ನು ಬ್ರದರ್ ಅನ್ನುತ್ತಾರೆ. ನಾನು ಬ್ರದರ್ ಆದೆ. ರಾಮದುರ್ಗ, ಸವದತ್ತಿ, ಕಿತ್ತೂರು, ಈಗ ಬೈಲಹೊಂಗಲ. ಎಲ್ಲಿ ಹೋದರೂ ನನ್ನನ್ನು ಹಾಕುವುದು ಕ್ಯಾಜುವಲ್ಟಿಗೇ. ಹೊಡೆದಾಡಿಕೊಂಡವರು, ಕಡಿಸಿಕೊಂಡವರು, ಟ್ರ್ಯಾಕ್ಟರ್ ಕೆಳಗೆ ಸಿಕ್ಕವರು ಮೊದಲು ಬರುವುದು ಅಲ್ಲಿಗೆ. ಅವರ ಹಿಂದೆಯೇ ಅವರ ಮಂದಿ ಬರುತ್ತಾರೆ. ಗಾಯಕ್ಕೆ ಹೊಲಿಗೆ ಹಾಕುವುದು ಅರ್ಧ ಕೆಲಸ. ಹೊಲಿಗೆ ಹಾಕುವವರಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುವುದು ಇನ್ನರ್ಧ.

ಈಚೆಗೆ ನಮಗೆಲ್ಲ ಒಂದು ತರಬೇತಿ ಕೊಡಿಸಿದರು. ಪಟ್ಟಣದಿಂದ ಬಂದಿದ್ದ ಹುಡುಗಿ ನಮ್ಮನ್ನು ಗುಂಡಗೆ ನಿಲ್ಲಿಸಿ, ನಾಟಕದವರು ಆಡುವ ಆಟಗಳನ್ನು ಆಡಿಸಿದಳು. "ಎದುರಿನವರು ಏನೇ ಅಂದರೂ ಮೊದಲು ಹೌದು ಅನ್ನಿ, ಆಮೇಲೆ ನಿಮ್ಮದೊಂದು ಸೇರಿಸಿ. ಕೆಲಸದ ಜಾಗದಲ್ಲಿ ಸಿಟ್ಟು, ಸೆಡವು ಕಡಿಮೆಯಾಗುತ್ತವೆ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂತ ಕೇಳಿದಳು. ಮುರಿದ ಹಲ್ಲು ತೋರಿಸಿ ಮಾವನ ಕಥೆ ಹೇಳಿದೆ. ಚಲೋ ಹುಡುಗಿ, ಬಿದ್ದು ಬಿದ್ದು ನಕ್ಕಳು, ನನ್ನ ಜೊತೆ ಒಂದು ಸಣ್ಣ ಪ್ರಸಂಗವನ್ನೂ ಆಡಿದಳು. ಆಕೆ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ನಮ್ಮ ಕೆಲಸದ ಜಾಗಕ್ಕೆ ಸಿಟ್ಟು ಬರುವುದು ಕೊಡಲಿ ಹಿಡಿದುಕೊಂಡು.

ರಾಮದುರ್ಗದಲ್ಲಿದ್ದಾಗ ಒಬ್ಬನ ತಮ್ಮ ಟ್ರ್ಯಾಕ್ಟರ್ ಮಗುಚಿ ಸತ್ತ. ಅಣ್ಣ ಸೋಡಾ ಬಾಟಲಿಯನ್ನು ಗೋಡೆಗೆ ಒಡೆದು ಹಿಡಿದುಕೊಂಡು ನುಗ್ಗಿದ. "ಎಲ್ಲಿ ಅದಾನ ಆ ಡಾಕ್ಟರ್? ಕರಳ ಹೊರಗ ತಗೀತೇನಿ!" ಡಾಕ್ಟರು ಇಂಜೆಕ್ಷನ್ ಕೋಣೆಯ ಮೇಜಿನ ಕೆಳಗಿದ್ದರು. 'ಡಾಕ್ಟರ್ ಇಲ್ಲ' ಅಂದಿದ್ದರೆ ಆ ಬಾಟಲಿ ನನ್ನ ಹೊಟ್ಟೆಗೇ ಇಳಿಯುತ್ತಿತ್ತು. ನಾನು, "ಹೌದಪಾ, ನಾನೂ ಅವರನ್ನ ಹುಡುಕಾಕ ಹತ್ತೇನಿ. ಬಾ, ಇಬ್ಬರೂ ಕೂಡೇ ಹುಡುಕೂಣು" ಅಂದೆ. ಅವನು ಕಣ್ಣು ಕಿಸಿದು ನೋಡಿ ನನ್ನ ಹಿಂದೆ ಹೊರಟ. ಲ್ಯಾಬು, ಎಕ್ಸ್‌ರೇ ಕೋಣೆ, ಔಷಧದ ಕಿಟಕಿ, ಎಲ್ಲ ಕಡೆ ಸುತ್ತಾಡಿಸಿದೆ. ಹೆರಿಗೆ ವಾರ್ಡಿನ ಮುಂದೆ, "ಬಾಣಂತ್ಯಾರು ಅದಾರ, ಬಾಟ್ಲಿ ಹಿಂದ ಹಿಡ್ಕೋ" ಅಂದರೆ, ಪಾಪ, ಹಿಂದೆ ಹಿಡಿದುಕೊಂಡ. ನೀರಿನ ಟಾಕಿಯ ಹತ್ತಿರ ಬರುವಷ್ಟರಲ್ಲಿ ಕಾಲು ಸೋತು ಕುಂತುಬಿಟ್ಟ. "ನನ್ನ ತಮ್ಮ ನೀರ ಕೇಳಿದನೇನ್ರಿ?" ಅಂದ. "ಕೇಳಿದ. ನಾನ ಕೊಟ್ಟೇನಿ" ಅಂದೆ. ಅದು ಖರೇನೇ ಆಗಿತ್ತು. ಬಾಟಲಿ ಬಿಗಿ ಹಿಡಿದು ಅವನ ಅಂಗೈಯೇ ಸೀಳಿ ಹೋಗಿತ್ತು, ಅದಕ್ಕೂ ನಾನೇ ಹೊಲಿಗೆ ಹಾಕಿದೆ.

ಸವದತ್ತಿಯಲ್ಲಿ ಹೊಲದ ಬದುವಿನ ಜಗಳ. ಎರಡೂ ಮನೆತನದವರ ತಲೆ ಒಡೆದಿದ್ದವು, ಎರಡೂ ಕಡೆಯವರು ಒಂದೇ ವಾರ್ಡಿನಲ್ಲಿ. ಯಾರೋ ಏನೋ ಅಂದರು. ಸಲೈನ್ ಸ್ಟ್ಯಾಂಡು ಕಿತ್ತುಕೊಂಡು ಮತ್ತೆ ಶುರು ಮಾಡಿದರು. ಬ್ಯಾಂಡೇಜು ಕಟ್ಟಿದ ತಲೆಯ ಮೇಲೇ ಬಡಿದರು, ರಕ್ತ ಗೋಡೆಗೆ ಚಿಮ್ಮಿತು. ನಾನು ನಡುವೆ ಜಿಗಿದು, ಕಣ್ಣು ಮುಚ್ಚಿಕೊಂಡು, "ಯಪ್ಪಾ, ನನ್ನ ಕಣ್ಣ ಹೋತೋ!" ಎಂದು ಚೀರಿ ನೆಲಕ್ಕೆ ಬಿದ್ದೆ. ನಮ್ಮ ಕಡೆ ಹೊಡೆದಾಟದಲ್ಲಿ ಹೊರಗಿನವನಿಗೆ ಪೆಟ್ಟು ಬಿತ್ತೆಂದರೆ ಎರಡೂ ಪಾರ್ಟಿಯವರ ಕೈ ತಣ್ಣಗಾಗುತ್ತದೆ. ಸಂಬಂಧವಿಲ್ಲದವನನ್ನು ಹೊಡೆದೆವಲ್ಲ ಅನ್ನುವ ನಾಚಿಕೆ. ಅಷ್ಟೂ ಮಂದಿ ಸ್ಟ್ಯಾಂಡು ಒಗೆದು ನನ್ನನ್ನು ಎತ್ತಲು ಬಂದರು. ಪೊಲೀಸರು ಬರುವವರೆಗೂ ನಾನು ಕಣ್ಣಿನ ಮೇಲಿನ ಕೈ ತೆಗೆಯಲಿಲ್ಲ.

ಎಲ್ಲ ಸಲವೂ ನಡೆಯುತ್ತಿತ್ತು ಅಂತಲ್ಲ. ಕಿತ್ತೂರಿನಲ್ಲಿ ಒಬ್ಬನ ಮಾತಿಗೆಲ್ಲ ಹೌದು ಹೌದು ಅನ್ನುತ್ತ ಹೋದೆ. ಅವನು, "ನನ್ನ ಜೋಡಿ ಚ್ಯಾಷ್ಟಿ ಮಾಡ್ತಿಯೇನಲೇ?" ಎಂದು ಕಿವಿಯ ಮೇಲೆ ಬಿಟ್ಟ ನೋಡಿ, ಇವತ್ತಿಗೂ ಎಡಗಿವಿಯಲ್ಲಿ ಸಿಳ್ಳೆ ನಿಂತಿಲ್ಲ.

ಇನ್ನು ಬೈಲಹೊಂಗಲದ ಮಾತು. ಅಲ್ಲಿಗೆ ಒಬ್ಬ ಹೆಣ್ಣುಮಗಳು ಮತ್ತೆ ಮತ್ತೆ ಗಾಯ ಮಾಡಿಕೊಂಡು ಬರುತ್ತಿದ್ದಳು. ಆಕೆಯ ತವರು ಮನೋಳಿ, ಗಂಡನ ಮನೆ ಬೈಲಹೊಂಗಲದ ಹತ್ತಿರದ ಹಳ್ಳಿ. ಮೊದಲ ಸಲ ಬಂದಾಗ ಕೈಬೆರಳು ಮುರಿದಿತ್ತು. ಎಮ್ಮೆ ಒದೆಯಿತು ಅಂದಳು. ಆಮೇಲೊಮ್ಮೆ ಹಣೆ ಒಡೆದುಕೊಂಡು ಬಂದಳು. ಬಚ್ಚಲಲ್ಲಿ ಜಾರಿದೆ ಅಂದಳು. ನಮಗೆ ಗೊತ್ತಿರಲಿಲ್ಲವೇ? ಕ್ಯಾಜುವಲ್ಟಿಯವರಿಗೆ ಎಮ್ಮೆಯ ಒದೆ ಯಾವುದು, ಗಂಡನ ಒದೆ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಪೊಲೀಸರಿಗೆ ತಿಳಿಸುತ್ತಿದ್ದೆವು, ಅವರು ಬಂದು ಕೇಳುತ್ತಿದ್ದರು, ಆಕೆ ತಪ್ಪನ್ನು ಎಮ್ಮೆಯ ಮೇಲೆ ಹಾಕಿ ಮನೆಗೆ ಹೋಗುತ್ತಿದ್ದಳು. ನನಗೆ ಆಕೆಯ ಮೇಲೂ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ದಿನ ಮಧ್ಯಾಹ್ನ ನೆರೆಮನೆಯ ಹೆಂಗಸೊಬ್ಬಳು ಆಕೆಯನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಬಾಗಿಲಿಗೆ ಬಿಟ್ಟವಳೇ, "ನನ್ನ ಹೆಸರ ಎಲ್ಲೂ ಹೇಳಬ್ಯಾಡ್ರಿ" ಎಂದು ಅದೇ ಆಟೋದಲ್ಲಿ ಹೊರಟುಹೋದಳು. ಹೆಗಲಿನಿಂದ ಬೆನ್ನಿನ ನಡುವಿನವರೆಗೆ ಕುಡುಗೋಲಿನ ಪೆಟ್ಟು. ಕುಪ್ಪಸ ಕತ್ತರಿಸಿ ತೆಗೆದರೆ ಒಳಗೆ ಬಿಳಿ ಎಲುಬು ಕಂಡಿತು.

"ಏನಾತವಾ?" ಅಂದೆ.

"ಜ್ವಾಳ ಕೊಯ್ಯೂ ಮುಂದ ಕುಡಗೋಲ ಬಡೀತ್ರಿ ಅಣ್ಣಾರ."

"ಬೆನ್ನಿಗೇ?"

"ಹೂನ್ರಿ."

ಡಾಕ್ಟರು, ಇನ್ನೂ ಹೊಸಬರು, ನನ್ನನ್ನು ಪಕ್ಕಕ್ಕೆ ಕರೆದರು. "ಇನ್ನೊಂದು ಬೆರಳು ಆಳಕ್ಕೆ ಹೋಗಿದ್ದರೆ ಶ್ವಾಸಕೋಶಕ್ಕೇ ತಾಗುತ್ತಿತ್ತು. ಇವತ್ತು ಈಕೆ ಬಾಯಿ ಬಿಡದೆ ಮನೆಗೆ ಹೋದರೆ ಮುಂದಿನ ಸಲ ಹೆಣ ಬರುತ್ತದೆ" ಅಂದರು. ಠಾಣೆಗೆ ಫೋನ್ ಮಾಡಿದೆವು. ಹವಾಲ್ದಾರರು ಯಾವುದೋ ಬಂದೋಬಸ್ತಿನಲ್ಲಿದ್ದರು, ಹೊರಟೇನಿ ಅಂದರು. ಅವರು ಬರುವ ತನಕ ಆಕೆಯನ್ನು ಉಳಿಸಿಕೊಳ್ಳಬೇಕು, ಬಂದಾಗ ಆಕೆ ಖರೇ ಹೇಳಬೇಕು. ನಮಗೆ ಬೇಕಾಗಿದ್ದುದು ಅಷ್ಟೇ. ಡಾಕ್ಟರು ಪರದೆ ಎಳೆದು ಹೊಲಿಗೆ ಶುರು ಮಾಡಿದರು. ನನ್ನ ಜೊತೆ ಡ್ಯೂಟಿಯಲ್ಲಿದ್ದ ಸಿಸ್ಟರ್ ಆಕೆಯ ಕೈ ಹಿಡಿದು ನಿಂತರು. ನಾನು ಬಾಗಿಲಿಗೆ ಬಂದೆ.

ಹವಾಲ್ದಾರರಿಗಿಂತ ಮೊದಲು ಗಂಡ ಬಂದ. ಕುಡಿದಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕೊಡಲಿಯ ಕಾವು, ದಪ್ಪನೆಯ ಕಟ್ಟಿಗೆಯ ಹಿಡಿ. ಅವನ ಹಿಂದೆ ಹೊರರೋಗಿಗಳ ಸಾಲಿನಲ್ಲಿದ್ದ ಮಂದಿಯೂ ತಮಾಷೆ ನೋಡಲು ಬಂದು ಬಾಗಿಲ ತುಂಬ ನಿಂತರು. ನಮ್ಮ ಮಂದಿಗೆ ಹೊಟ್ಟೆನೋವಿದ್ದರೂ ಜಗಳ ನೋಡುವುದನ್ನು ಬಿಡಲಾಗುವುದಿಲ್ಲ.

"ನನ್ನ ಹೇಣ್ತೀನ ಕಳಸ್ರಿ. ಮನಿಗೆ ಕರಕೊಂಡ ಹೋಗತೇನಿ."

"ಹೌದ್ರಿ, ಕರಕೊಂಡ ಹೋಗಬೇಕ. ಕೂಡ್ರಿ, ನೀರ ಕುಡೀರಿ. ಹೊಲಿಗಿ ಹಾಕಾಕ ಹತ್ಯಾರ."

"ಹೊಲಿಗಿ ನಮ್ಮೂರಾಗೂ ಹಾಕ್ತಾರ. ಬಾಜೂಕ ಸರಿ."

"ಅದೂ ಖರೇ ಐತ್ರಿ. ನಿಮ್ಮೂರ ಡಾಕ್ಟರಗ ನಾನ ಒಂದ ಚೀಟಿ ಬರದ ಕೊಡತೇನಿ..."

ಅವನು ಕಾವು ಬೀಸಿದ. ಔಷಧದ ಟ್ರಾಲಿ ಮಗುಚಿ ಬಿತ್ತು. ಟಿಂಚರ್ ಬಾಟಲಿಗಳು ಒಡೆದು ನೆಲವೆಲ್ಲ ಕೆಂಪಾಯಿತು. ಇನ್ನೊಂದು ಪೆಟ್ಟು ನನ್ನ ತಲೆಯ ಪಕ್ಕದಲ್ಲೇ ಬಾಗಿಲ ಚೌಕಟ್ಟಿಗೆ ಬಿದ್ದು ಕಟ್ಟಿಗೆ ಸಿಬಿರೆದ್ದಿತು. "ಒಳಗ ಯಾಕ ಬಿಡವಲ್ಲಿ ನೀ? ಏನ್, ಸತ್ತಾಳೇನ ಆಕಿ?"

"ಹೌದ್ರಿ" ಅಂದೆ. "ಸತ್ತಾಳ."

ಯೋಚನೆ ಮಾಡಿ ಅಂದದ್ದಲ್ಲ. ಅವನು ಮಾತು ಕೊಟ್ಟ, ನನ್ನ ನಾಲಿಗೆ ತೆಗೆದುಕೊಂಡಿತು. ಬೇರೆ ಯಾವ ಬ್ರದರ್ ಆಗಿದ್ದರೂ 'ಇಲ್ಲ, ಅರಾಮ ಅದಾಳ' ಅನ್ನುತ್ತಿದ್ದ. ಸಣ್ಣಾಟದವನ ಬಾಯಿಂದ ಮಾತ್ರ ಇಂಥ ಹೌದು ಬೀಳುತ್ತದೆ. ಒಮ್ಮೆ ಹೌದು ಅಂದ ಮೇಲೆ ಸುಮ್ಮನೆ ನಿಲ್ಲುವಂತಿಲ್ಲ. "ಈಗಷ್ಟ್ರಿ. ನಿಮ್ಮನ್ನ ನೆನಸಗೊಂತ ಜೀವಾ ಬಿಟ್ಟಳು" ಎಂದು ಸೇರಿಸಿದೆ. ಪರದೆಯ ಒಳಗೆ ಡಾಕ್ಟರ ಸೂಜಿ ನಿಂತೇಹೋಯಿತಂತೆ. ಸಿಸ್ಟರ್ ಗಟ್ಟಿಗಿತ್ತಿ, ತಟ್ಟನೆ ಆಕೆಯ ಬಾಯಿ ಮುಚ್ಚಿ ಹಿಡಿದರಂತೆ.

ಅವನ ಕೈಯಿಂದ ಕಾವು ಜಾರಿತು. ಒಡೆದ ಗಾಜಿನ ಮೇಲೆಯೇ ಮಂಡಿಯೂರಿ ಎದೆ ಬಡಿದುಕೊಂಡ.

"ನನ್ನ ಮನಿ ದೀಪ ಆರಿತೋ ಯಪ್ಪಾ! ಈ ಕೈ ಮುರಿಲೋ! ಇನ್ನ ನನಗ ರೊಟ್ಟಿ ಬಡದ ಹಾಕಾವರ ಯಾರೋ!"

ಎಂಥ ಅಳು ಅಂತೀರಿ! ಬಾಗಿಲಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ನಾನೂ ಒಂದು ಗಳಿಗೆ ನಂಬಿಬಿಟ್ಟೆ. ಆದರೆ ಆಟಗಾರನ ತಲೆ ಬೇರೆಯೇ ಓಡುತ್ತಿತ್ತು. ಇವನು ಈಗ ಬಾಯಿ ಬಿಟ್ಟರೆ ಇಷ್ಟು ಮಂದಿಯ ಮುಂದೆ ಬಿಟ್ಟಂತಾಯಿತು, ಹವಾಲ್ದಾರರೂ ಇನ್ನೇನು ಬಂದರು. ನಾನೂ ಅವನೆದುರು ಕುಂತು ಹೆಗಲ ಮೇಲೆ ಕೈ ಹಾಕಿದೆ.

"ಕೈ ಯಾಕ ಮುರೀಬೇಕ್ರಿ? ಕೈ ಏನ್ ಮಾಡೇತ್ರಿ ಪಾಪ?"

"ಈ ಕೈಲೇ... ನಾನ..." ಅಂದ. ಇನ್ನೊಂದು ಮಾತು ಹೊರಬಿದ್ದಿದ್ದರೆ ಸಾಕಿತ್ತು.

ಪರದೆ ಸರಿಯಿತು. ಆಕೆ ಸಿಸ್ಟರ್ ಕೈ ಕೊಸರಿಕೊಂಡು ಎದ್ದುಬಂದಿದ್ದಳು. ಸೀರೆ ಹೇಗೋ ಮೈಗೆ ಸುತ್ತಿಕೊಂಡಿದ್ದಳು. ಅರ್ಧ ಹೊಲಿದ ಬೆನ್ನಿನಿಂದ ದಾರವೂ ಸೂಜಿಯೂ ಜೋತಾಡುತ್ತಿದ್ದವು, ರಕ್ತ ಕಾಲಿನವರೆಗೆ ಇಳಿದಿತ್ತು.

"ಅಳಬ್ಯಾಡ್ರಿ" ಅಂದಳು ಗಂಡನಿಗೆ. "ನಾ ಸತ್ತಿಲ್ರಿ. ಅದೇನಿ. ಅಳಬ್ಯಾಡ್ರಿ ನೀವು."

ಛೇ, ನನ್ನ ಆಟ ಆಕೆಗೇ ತಿರುಗಿಬಿತ್ತಲ್ಲ! ಅವನನ್ನು ಅಳಿಸಿ ಬಾಯಿ ಬಿಡಿಸಬೇಕೆಂದು ಹೊರಟರೆ, ಆ ಅಳು ಕೇಳಿ ಕರಗಿದ್ದು ಆಕೆ. ಇನ್ನು ಇವಳು ಇವನ ಜೊತೆ ಹೋದಂತೆಯೇ, ಮುಂದಿನ ಸಲ ಬರುವುದು ಹೆಣವೇ ಅಂದುಕೊಂಡೆ. ಗಂಡ ಬಾಯಿ ತೆರೆದುಕೊಂಡು ಆಕೆಯನ್ನು ನೋಡಿದ. ಅಷ್ಟರಲ್ಲಿ ಬಾಗಿಲ ಮಂದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸತ್ತವಳು ಎದ್ದುಬಂದ ಖುಷಿಗೆ ತಟ್ಟಿದ್ದೇ ಇರಬೇಕು. ಒಬ್ಬ ಹೋ ಎಂದು ನಕ್ಕ. ಇನ್ನಿಬ್ಬರ ಮೊಬೈಲು ಮೇಲೆದ್ದಿದ್ದವು.

ಅವನು ಅವರ ಕಡೆ ತಿರುಗಿದ. ಕಣ್ಣೀರು ಇನ್ನೂ ಗಲ್ಲದ ಮೇಲಿತ್ತು. ಹಾಗೇ ಮುಖ ಬದಲಾಯಿತು. "ಮಂದಿ ಮುಂದ ನನ್ನ ಅಳಸ್ತೀಯೇನ ರಂಡಿ? ಎಲ್ಲಾರೂ ಕೂಡಿ ನಾಟಕಾ ಹಚ್ಚೀರೇನ?" ಎಂದವನೇ ಎದ್ದು ಆಕೆಯ ಹೊಟ್ಟೆಗೆ ಒದ್ದ. ಆಕೆ ಹಿಂದಕ್ಕೆ ಬಿದ್ದಳು, ಬೆನ್ನು ಟ್ರಾಲಿಯ ಅಂಚಿಗೆ ಬಡಿದು ಹಾಕಿದ್ದ ಹೊಲಿಗೆಗಳೆಲ್ಲ ಹರಿದವು. ಬಿದ್ದವಳ ಕೂದಲು ಹಿಡಿದು ಮತ್ತೆ ಒದೆಯಲು ಕಾಲೆತ್ತಿದ.

ಹೌದು ಅನ್ನುವ ಕೆಲಸ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಕೈಗೆ ಸಿಕ್ಕದ್ದು ಸ್ಟೀಲಿನ ಬೆಡ್‌ಪ್ಯಾನು. ಅದರಿಂದ ಅವನ ಮೋರೆಗೆ ಹಾಕಿದೆ. ಮೂಗಿನ ಎಲುಬು ಲಟಕ್ಕೆಂದದ್ದು ಕೇಳಿತು. ಅವನು ಕಾವು ಎತ್ತಿಕೊಂಡು ನನ್ನ ಮಣಿಕಟ್ಟಿಗೆ ಹೊಡೆದ, ಅದೂ ಮುರಿಯಿತು. ಇನ್ನೊಂದು ಕೈಯಿಂದ ಮತ್ತೆ ಹಾಕಿದೆ. ಬಿದ್ದ ಮೇಲೂ ಹಾಕಿದೆ. ಅವನ ಬಿಳಿ ಅಂಗಿ ಕೆಂಪಾಗುವುದು ನೋಡಿ ನನಗೆ ಸಮಾಧಾನವಾಗುತ್ತಿತ್ತು, ಯಾರು ಏನಾದರೂ ಅಂದುಕೊಳ್ಳಲಿ. ಸಿಸ್ಟರ್, ವಾಚ್‌ಮನ್, ಸಾಲಿನಲ್ಲಿದ್ದ ಗಂಡಸರು ಎಲ್ಲ ಸೇರಿ ನನ್ನನ್ನು ಎಳೆದು ಬಿಡಿಸಿದರು.

ಹವಾಲ್ದಾರರು ಬಂದಾಗ ಆಕೆ ಮತ್ತೆ ಮಂಚದ ಮೇಲೆ ಬೋರಲು ಬಿದ್ದಿದ್ದಳು. ಡಾಕ್ಟರು ಮೊದಲಿನಿಂದ ಹೊಲಿಯುತ್ತಿದ್ದರು. ಆಕೆ ತಲೆದಿಂಬು ಕಚ್ಚಿಕೊಂಡಿದ್ದಳು. ನಾನು ಮುರಿದ ಕೈ ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದೆ. ಗಂಡ ಬೆಂಚಿನ ಮೇಲೆ ಟವೆಲ್ಲಿನಿಂದ ಮೂಗು ಹಿಡಿದುಕೊಂಡು ಕುಂತಿದ್ದ, ವಾಚ್‌ಮನ್ ಅವನ ರಟ್ಟೆ ಹಿಡಿದಿದ್ದ.

"ಸಾಹೇಬ್ರ, ಮೊದ್ಲ ಈ ಬ್ರದರ್ ಮ್ಯಾಲ ಕೇಸ್ ಹಾಕ್ರಿ" ಅಂದ ಗಂಡ. "ನನ್ನ ಹೇಣ್ತಿ ಸತ್ತಾಳಂತ ಸುಳ್ಳ ಹೇಳಿ, ಮ್ಯಾಲ ನನ್ನ ಹೊಡದಾನ. ಇಷ್ಟೂ ಮಂದಿ ನೋಡೇತಿ."

ಹವಾಲ್ದಾರರು ನನ್ನನ್ನು ನೋಡಿದರು. ಅವನು ಅಂದದ್ದು ಅಕ್ಷರಶಃ ಖರೇ ಇತ್ತು. ಅವರು ಮಂಚದ ಹತ್ತಿರ ಹೋಗಿ ಬಾಗಿ, "ಯವ್ವಾ, ನಿನಗ ಕುಡಗೋಲಲೇ ಯಾರ ಹೊಡದ್ರ? ಹೆದರಬ್ಯಾಡ, ಹೇಳ" ಅಂದರು.

ಆಕೆ ಮತ್ತೆ ತಲೆದಿಂಬು ಕಚ್ಚಿದಳು. ದಾರ ಎಳೆಯುವ ಸಪ್ಪಳ ಕೇಳುತ್ತಿತ್ತು. ನನ್ನಲ್ಲಿ ಹುಟ್ಟಿಸಲು ಒಂದು ಮಾತೂ ಉಳಿದಿರಲಿಲ್ಲ. ಸಿಸ್ಟರ್ ಆಕೆಯ ಹಣೆ ಒರೆಸುತ್ತ ನಿಂತಿದ್ದರು. ಮತ್ತೆ ಜೋಳ ಕೊಯ್ಯುವ ಕಥೆ ಬರುತ್ತದೆ ಅಂತಲೇ ಅಂದುಕೊಂಡೆ.

ಅವನಿಗೂ ಹಾಗೆ ಅನ್ನಿಸಿರಬೇಕು. ಬೆಂಚಿನಿಂದ ಎದ್ದು, ವಾಚ್‌ಮನ್ ಹಿಡಿದಿದ್ದಂತೆಯೇ, ಮಂಚದ ಕಾಲಿನ ಹತ್ತಿರ ಮಂಡಿಯೂರಿದ. ಟವೆಲ್ಲು ತೆಗೆದ. ಮೂಗಿನ ರಕ್ತ ಬಾಯಿಗೆ ಇಳಿಯುತ್ತಿತ್ತು. ಎದೆ ಬಡಿದುಕೊಂಡ.

"ನನ್ನ ಮನಿ ದೀಪ ನೀನೋ ಯಪ್ಪಾ! ಈ ಕೈ ಮುರಿಲೋ! ನೀ ಇಲ್ಲಂದ್ರ ನನಗ ರೊಟ್ಟಿ ಬಡದ ಹಾಕಾವರ ಯಾರೋ!"

ಅದೇ ದೀಪ, ಅದೇ ಕೈ, ಅದೇ ರೊಟ್ಟಿ. ಎದೆಗೆ ಬೀಳುವ ಗುದ್ದೂ ಅದೇ ಜಾಗಕ್ಕೆ. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಈ ಸಲವೂ ಕಣ್ಣು ಒರೆಸಿಕೊಂಡಳು. ಹವಾಲ್ದಾರರ ಮುಖವೂ ಸ್ವಲ್ಪ ಸಡಿಲವಾಯಿತು. ಮಂಚದ ಮೇಲಿನವಳು ತಲೆದಿಂಬಿನಿಂದ ಬಾಯಿ ಬಿಡಿಸಿಕೊಂಡು, ಕತ್ತು ಹೊರಳಿಸಿ, ಗಂಡನನ್ನು ನೋಡಿದಳು. ಅವನು ಪೂರ್ತಿ ಅತ್ತು ಮುಗಿಸುವವರೆಗೆ ನೋಡಿದಳು. ಅವನು ಮತ್ತೆ ಮೊದಲಿನಿಂದ, ಮನಿ ದೀಪ ಎಂದು ಶುರು ಮಾಡಿದ.

"ಸಾಹೇಬ್ರ" ಅಂದಳು. "ಈ ಅಳು ನಾ ಆಗಳೇ ಕೇಳೇನ್ರಿ. ಆಗ ನಾ ಸತ್ತಿದ್ದೆ, ಈಗ ಬದಕೇನಿ. ಎರಡಕ್ಕೂ ಒಂದ ಅಳು ಅಳಾಕ ಹತ್ಯಾನ ನೋಡ್ರಿ ಇವ."

ಹವಾಲ್ದಾರರು ಕಿಸೆಯಿಂದ ಪೆನ್ನು ತೆಗೆದರು.

"ತಡೀರಿ" ಅಂದಳು. "ಎಲ್ಲಾ ಹೇಳತೇನಿ. ಮೊದ್ಲ ಇವನ್ನ ಹೊರಗ ಕರಕೊಂಡ ಹೋಗ್ರಿ. ಈ ಗದ್ದಲದಾಗ ನನ್ನ ಮಾತು ನಿಮಗ ಕೇಳಸೂದಿಲ್ಲ."